ನಾಲ್ಕು ಹಗ್ಗ, ಮೂರು ಅಡಿ

ಮಾರ್ಚ್ ತಿಂಗಳ ಮೊದಲ ವಾರಕ್ಕೇ ಏಳನೆಯ ತರಗತಿಯ ಪಾಠಗಳು ಮುಗಿದುಹೋದವು. ಪರೀಕ್ಷೆಗೆ ಇನ್ನೂ ಮೂರು ವಾರ ಬಾಕಿ. ಓದಿದ್ದನ್ನೇ ಮತ್ತೆ ಓದಿಸಿದರೆ ಮಕ್ಕಳು ಆಕಳಿಸುತ್ತಾರೆ. ಸುಮ್ಮನೆ ಬಿಟ್ಟರೆ ಮರುದಿನ ಅರ್ಧ ವರ್ಗ ಬರುವುದಿಲ್ಲ, ಮನೆಯವರು ಹೊಲದಲ್ಲಿ ಕೆಲಸ ಹಚ್ಚಿರುತ್ತಾರೆ. ಏಳನೆಯವರ ಬೀಳ್ಕೊಡುಗೆಯ ದಿನ ಮಕ್ಕಳು ಮಾಡಿದ ಚಿತ್ರ, ನಕ್ಷೆಗಳನ್ನು ವರ್ಗದ ಗೋಡೆಗೆ ತೂಗುಹಾಕಿ ಪಾಲಕರಿಗೆ ತೋರಿಸುವುದು ಆ ಶಾಲೆಯ ರೂಢಿ. ಪ್ರತಿ ವರ್ಷವೂ ಅದೇ ನವಿಲು, ಅದೇ ಭಾರತದ ನಕ್ಷೆ, ಅದೇ ಹೃದಯದ ಚಿತ್ರ. ಎಂಬತ್ತೆಂಟರ ಆ ಮಾರ್ಚಿನಲ್ಲಿ ವರ್ಗದ ಶಿಕ್ಷಕಿ ಕಮಲಾಬಾಯಿ ಬೇರೆ ಕೆಲಸ ಕೊಟ್ಟಳು.

"ಕ್ಷೇತ್ರಫಲಾ ಪುಸ್ತಕದಾಗ ಮಾಡಿದ್ದ ಸಾಕು. ಈ ಸಾಲಿ ಜಾಗಾ ಎಷ್ಟ ಗುಂಟೆ ಐತಿ, ನೀವ ಅಳದ ಹೇಳ್ರಿ."

ರೈತರ ಮಕ್ಕಳಿಗೆ ಗುಂಟೆ ಹೊಸದಲ್ಲ. ಮೂವತ್ತಮೂರು ಅಡಿ ಉದ್ದ, ಅಷ್ಟೇ ಅಗಲ ಇದ್ದರೆ ಒಂದು ಗುಂಟೆ. ಸತ್ತೆವ್ವ ಎಂಬ ಹುಡುಗಿ ಮನೆಯಿಂದ ಪುಂಡಿನಾರಿನ ಹಗ್ಗ ತಂದಳು. ಮೂವತ್ತಮೂರು ಅಡಿಗೆ ಕತ್ತರಿಸಿ, ಮೂರು ಅಡಿಗೊಂದರಂತೆ ಅದಕ್ಕೆ ಕೆಂಪು ಚಿಂದಿ ಕಟ್ಟಿದರು. ಹಗ್ಗದ ಒಂದು ತುದಿ ಸತ್ತೆವ್ವನ ಕೈಯಲ್ಲಿ, ಇನ್ನೊಂದು ತುದಿ ಮಹಾವೀರನ ಕೈಯಲ್ಲಿ. ಮಹಾವೀರ ಶಾಲಾ ಸಮಿತಿಯ ಅಧ್ಯಕ್ಷ ಬಾಪುಸಾಹೇಬರ ಮೊಮ್ಮಗ, ಲೆಕ್ಕದಲ್ಲಿ ಚುರುಕು. ಸತ್ತೆವ್ವ ಅವರ ಹೊಲ ಉಳುವ, ರಂಟೆ ಹೊಡೆಯುವ ಭರಮುವಿನ ಮಗಳು, ಎಲ್ಲದರಲ್ಲೂ ಚುರುಕು.

ಶಾಲೆಯ ಬಡಗಣಕ್ಕೆ ಗುಡಿಯ ಗೋಡೆ, ತೆಂಕಣಕ್ಕೆ ಓಣಿಯ ಕಲ್ಲುಗೋಡೆ. ಆ ಎರಡರ ನಡುವೆ ಅಗಲ ಸರಿಯಾಗಿ ನಾಲ್ಕು ಹಗ್ಗ ಬಂತು, ಒಂದು ಬೆರಳೂ ಹೆಚ್ಚುಕಡಿಮೆ ಇಲ್ಲ. ಮಕ್ಕಳು ಕೇಕೆ ಹಾಕಿದರು. ಪಡುವಣದ ರಸ್ತೆಯಿಂದ ಮೂಡಣದ ಬದುವಿನವರೆಗೆ ಉದ್ದ ಅಳೆದರು. ನಾಲ್ಕು ಹಗ್ಗ, ಮೇಲೆ ಮೂರು ಅಡಿ. ಬದುವಿನ ಆಚೆ ಬಾಪುಸಾಹೇಬರ ಹೊಲ. ಹೋದ ತಿಂಗಳಷ್ಟೇ ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿ, ಉಳಿದ ಒಣ ಗರಿಗೆ, ರವದಿಗೆ, ಬೆಂಕಿ ಹಚ್ಚಿದ್ದರು. ನೆಲ ಕರ್ರಗೆ, ಬಯಲಾಗಿ ಬಿದ್ದಿತ್ತು.

ಮಹಾವೀರ ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಪಾಟಿಯ ಮೇಲೆ ಗುಣಿಸಿದ. "ಹದಿನಾರ ಗುಂಟೆ ಚಿಲ್ಲರೆ ಬರತೈತ್ರಿ ಅಕ್ಕಾರ." ಆಮೇಲೆ ತಲೆ ಎತ್ತಿ, ಶಾಲೆಯ ಮುಂಬಾಗಿಲ ಪಕ್ಕದ ಗೋಡೆಯ ಕಡೆ ನೋಡಿದ. "ಆದ್ರ ಕಲ್ಲಿನ್ಯಾಗ ಇಪ್ಪತ್ತ ಐತಲ್ರಿ?"

ಆ ಕಲ್ಲನ್ನು ಊರಿನಲ್ಲಿ ನೋಡದವರಿಲ್ಲ. ಪಾರಿಸ ಸಾಹುಕಾರರು ಈ ಶಾಲೆಗೆ ಇಪ್ಪತ್ತು ಗುಂಟೆ ಭೂಮಿ ದಾನ ಮಾಡಿದರು, ಸಾವಿರದ ಒಂಬೈನೂರ ಐವತ್ತೆರಡು ಎಂದು ಅದರ ಮೇಲೆ ಕೆತ್ತಿದೆ. ಪಾರಿಸ ಸಾಹುಕಾರರು ಬಾಪುಸಾಹೇಬರ ತಂದೆ, ತೀರಿಕೊಂಡು ಬಹಳ ವರ್ಷವಾಗಿತ್ತು. ಬೀಳ್ಕೊಡುಗೆಯ ದಿನ ಮೊದಲು ಆ ಕಲ್ಲಿಗೆ ಮಾಲೆ ಹಾಕಿ ಕಾಯಿ ಒಡೆದ ಮೇಲೆಯೇ ಮುಂದಿನ ಕಾರ್ಯಕ್ರಮ. ಮಾಲೆ ಹಾಕುವವರು ಬಾಪುಸಾಹೇಬರೇ.

"ಮತ್ತೊಮ್ಮೆ ಅಳೀರಿ," ಎಂದಳು ಕಮಲಾಬಾಯಿ.

ಮತ್ತೊಮ್ಮೆ ಅಳೆದರು. ಮೂರನೆಯ ಸಲವೂ ಅಳೆದರು. ನಾಲ್ಕು ಹಗ್ಗ, ಮೂರು ಅಡಿ. ಇಪ್ಪತ್ತು ಗುಂಟೆ ಆಗಬೇಕಾದರೆ ಉದ್ದ ಐದು ಹಗ್ಗ ಬರಬೇಕಿತ್ತು. ಮೂವತ್ತು ಅಡಿ ಕಡಿಮೆ.

"ಎಲ್ಲಿ ಹೋತರಿ ಅದು?" ಎಂದು ಹಿಂದಿನಿಂದ ಯಾರೋ ಕೇಳಿದರು.

ಮಕ್ಕಳೆಲ್ಲ ಬದುವಿನ ಆಚೆಯ ಕರಿ ನೆಲದ ಕಡೆ ನೋಡಿದರು. ಮಹಾವೀರನೂ ನೋಡಿದ. ಕಮಲಾಬಾಯಿ ಮಾತ್ರ ಗಂಟೆ ಆಯಿತೆಂದು ಅವರನ್ನು ಒಳಗೆ ಅಟ್ಟಿದಳು.

ಸಂಜೆ ಶಾಲೆ ಬಿಟ್ಟ ಮೇಲೆ ಅವಳು ದರ್ಜಿಯ ಅಂಗಡಿಯಿಂದ ಟೇಪು ಬೇಡಿ ತಂದು ಹಗ್ಗವನ್ನು ಒಬ್ಬಳೇ ಅಳೆದಳು. ಮೂವತ್ತಮೂರು ಅಡಿ. ಹಗ್ಗ ಸುಳ್ಳಾಗಿದ್ದರೆ ಒಳ್ಳೆಯದಿತ್ತು ಎನಿಸಿತು, ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ನಿಪ್ಪಾಣಿಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಅದೇ ಯೋಚನೆ. ಮನೆಯಲ್ಲಿ ಕಣ್ಣು ಮಂದವಾದ ತಾಯಿ ಒಬ್ಬಳೇ ಇರುತ್ತಾಳೆ. ಬೆಳಿಗ್ಗೆ ಅನ್ನ ಮಾಡಿಟ್ಟು ಹೊರಟರೆ ಸಂಜೆ ಇವಳು ಬಂದೇ ದೀಪ ಹಚ್ಚಬೇಕು. ಹೋದ ವರ್ಷ ಬೇರೆ ಊರಿಗೆ ಕಳಿಸುವವರ ಯಾದಿಯಲ್ಲಿ ಇವಳ ಹೆಸರೂ ಬಂದಿತ್ತು. ಅಥಣಿಯ ಆಚೆ, ದಿನಾ ಹೋಗಿಬರಲಾಗದಷ್ಟು ದೂರದ ಊರು. ಬಾಪುಸಾಹೇಬರು ಚಿಕ್ಕೋಡಿಯ ಶಿಕ್ಷಣ ಕಚೇರಿಗೆ ಹೋಗಿ ಯಾರಿಗೋ ಒಂದು ಮಾತು ಹೇಳಿದ ಮೇಲೆ ಆ ಹೆಸರು ಹೋಯಿತು. ಅವರು ಅದನ್ನು ಒಮ್ಮೆಯೂ ಆಡಿ ತೋರಿಸಿರಲಿಲ್ಲ. ಆಡಿ ತೋರಿಸಬೇಕಾದ ಪ್ರಸಂಗ ಬಂದಿರಲಿಲ್ಲ, ಅಷ್ಟೆ.

ಎರಡು ದಿನದಲ್ಲಿ ನಕ್ಷೆ ತಯಾರಾಯಿತು. ದೊಡ್ಡ ಹಾಳೆಯ ಮೇಲೆ ಶಾಲೆ, ಗುಡಿ, ಓಣಿ, ಬೇವಿನ ಮರ, ನೀರಿನ ಟಾಕಿ ಎಲ್ಲ ಬಂದವು. ಕೆಳಗೆ ಮಹಾವೀರನ ದುಂಡು ಅಕ್ಷರ: ಅಗಲ ನಾಲ್ಕು ಹಗ್ಗ, ಉದ್ದ ನಾಲ್ಕು ಹಗ್ಗ ಮೂರು ಅಡಿ. ಕ್ಷೇತ್ರಫಲ ಹದಿನಾರು ಗುಂಟೆ ಚಿಲ್ಲರೆ.

ಮುಖ್ಯೋಪಾಧ್ಯಾಯರಾದ ರಾಜಾರಾಮ ಮಾಸ್ತರು ವರ್ಗಕ್ಕೆ ಬಂದು ಅದನ್ನು ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡು ಓದಿದರು. ಆಮೇಲೆ ಕಮಲಾಬಾಯಿಯನ್ನು ಹೊರಗೆ ಕರೆದರು.

"ಬಾಯಾರ, ನನ್ನ ನೌಕರಿ ಎರಡ ವರ್ಷ ಉಳದೈತಿ."

"ಗೊತ್ತೈತ್ರಿ ಸರ್."

"ಗೊತ್ತಿದ್ದೂ ಇದನ್ನ ಬರಸೀರಿ."

"ನಾ ಬರಸಿಲ್ರಿ. ಅಳದಾಗ ಹಂಗ ಬಂತು."

"ಇಪ್ಪತ್ತ ಅಂತ ಬರಸ್ರಿ. ಯಾರ ಹಗ್ಗಾ ತಗೊಂಡ ಬಂದ ನೋಡತಾರ? ಇಲ್ಲಂದ್ರ ಆ ಸಾಲ ಅಳಸಿ ಬಿಡ್ರಿ, ನಕ್ಷೆ ಅಷ್ಟ ಇರಲಿ. ಚೆಂದ ಐತಿ ನಕ್ಷೆ. ಬೇವಿನ ಗಿಡಾ ಭಾಳ ಚೆಂದ ತಗದಾರ."

ಇಪ್ಪತ್ತು ಎಂದು ಬರೆಸುವುದು ಕಮಲಾಬಾಯಿಗೆ ಆಗುವಂತಿರಲಿಲ್ಲ. ಆದರೆ ಅಳಿಸುವುದು ಸುಳ್ಳಲ್ಲವಲ್ಲ, ಬರೇ ಮೌನ. ಮೌನದಲ್ಲಿ ಅವಳಿಗೆ ಬಹಳ ವರ್ಷದ ರೂಢಿ ಇತ್ತು. ವರ್ಗಕ್ಕೆ ಹೋಗಿ, ರಬ್ಬರು ತಗೊಂಡು ಕೆಳಗಿನ ಅಂಕಿಗಳನ್ನು ಅಳಿಸಿರೆಂದು ಹೇಳಿದಳು. ಇನ್ನೂ ಪೆನ್ಸಿಲಿನಲ್ಲೇ ಇದೆ, ಸುಲಭ.

ಸತ್ತೆವ್ವ ರಬ್ಬರು ಎತ್ತಿಕೊಳ್ಳಲಿಲ್ಲ.

"ಮತ್ತ ಅಳದದ್ದ ಯಾಕ್ರಿ ಅಕ್ಕಾರ?"

"ಕಲೀಲಿ ಅಂತ ಅಳ್ಯಾಕ ಹಚ್ಚಿದೆ."

"ಕಲತೇವಲ್ರಿ. ಕಲತದ್ದನ್ನ ಅಳಸಂತೀರಿ."

ಕಮಲಾಬಾಯಿ ದನಿ ಏರಿಸಿದಳು. "ನಿನಗ ತಿಳಿಯೂದಿಲ್ಲ ಸತ್ತೆವ್ವ. ಆ ಹೊಲದಾಗ ರಂಟಿ ಹೊಡಿಯಾಂವ ನಿಮ್ಮಪ್ಪ. ಮೊದಲ ಮಾತ ಬರೂದು ಅಂವನ ಮ್ಯಾಗ."

"ಹೇಳೇನ್ರಿ ಅಪ್ಪಗ."

"ಏನಂದಾ?"

"ಉಣ್ಣಾಕತ್ತಿದ್ದಾ. ಹೌದ, ಅಷ್ಟ ಹೋಗಿರಬೇಕ, ಅಂದಾ. ಮತ್ತ ಉಣ್ಣಾಕ ಹತ್ತಿದಾ."

ಮಹಾವೀರ ಎದ್ದು ನಿಂತ. ಅವನ ಕಿವಿಗಳು ಕೆಂಪಾಗಿದ್ದವು. "ಲೆಕ್ಕಾ ನಂದ್ರಿ ಅಕ್ಕಾರ. ತಪ್ಪಿದ್ರ ತೋರಸ್ರಿ, ಅಳಸ್ತೇನಿ."

ಕಮಲಾಬಾಯಿ ನಕ್ಷೆಯ ಮುಂದೆ ಹೋಗಿ ನಿಂತು ಆ ಗುಣಾಕಾರವನ್ನು ಮೊದಲಿನಿಂದ ನೋಡಿದಳು. ತಪ್ಪು ಎಲ್ಲಿಯೂ ಇರಲಿಲ್ಲ. ಆ ವರ್ಷ ಅವಳು ಕಲಿಸಿದ ಲೆಕ್ಕಗಳಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾವುದನ್ನೂ ಯಾರೂ ಮಾಡಿರಲಿಲ್ಲ. ಅವಳು ಸೀರೆಯ ಸೊಂಟಕ್ಕೆ ಸಿಕ್ಕಿಸಿದ್ದ ತನ್ನ ಶಾಯಿಯ ಪೆನ್ನು ತೆಗೆದು ಅವನ ಕೈಗೆ ಕೊಟ್ಟಳು.

"ಶಾಯಿಲೆ ಬರಿ," ಎಂದಳು.

ಬೀಳ್ಕೊಡುಗೆಯ ದಿನ ಹತ್ತು ಗಂಟೆಗೇ ಪಾಲಕರು ಬಂದರು. ಗಂಡಸರು ಪಟಗ ಸುತ್ತಿಕೊಂಡು ಮುಂದೆ, ಹೆಂಗಸರು ಬಾಗಿಲ ಕಡೆ. ಬಾಪುಸಾಹೇಬರು ಬಿಳಿ ಧೋತರ, ಬಿಳಿ ಟೊಪ್ಪಿಗೆಯಲ್ಲಿ ಬಂದು ಕಲ್ಲಿಗೆ ಮಾಲೆ ಹಾಕಿದರು, ಕಾಯಿ ಒಡೆದರು, ತಂದೆಯ ಹೆಸರಿನ ಮೇಲೆ ಕೈ ಇಟ್ಟು ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಅದರಲ್ಲಿ ನಾಟಕ ಇರಲಿಲ್ಲ. ಕಮಲಾಬಾಯಿ ಅದನ್ನು ಪ್ರತಿ ವರ್ಷ ನೋಡಿದ್ದಳು. ಈ ವರ್ಷ ನೋಡುವುದು ಕಷ್ಟವಾಯಿತು.

ವರ್ಗದ ಒಳಗೆ ಅವರು ನವಿಲು ನೋಡಿದರು, ತಲೆದೂಗಿದರು. ಹೃದಯ ನೋಡಿದರು. ನಕ್ಷೆಯ ಮುಂದೆ ನಿಂತರು. ಬೇವಿನ ಮರ ನೋಡಿ ನಕ್ಕರು. ಕೆಳಗಿನ ಸಾಲು ಓದಿದರು. ಮೊದಲು ಅವರ ಮುಖದ ಮೇಲೆ ಬಂದದ್ದು ಸಿಟ್ಟಲ್ಲ, ಬೆರಗು. ತಿರುಗಿ ಕಿಟಕಿಯಲ್ಲಿ ಕಾಣುವ ತಮ್ಮ ಹೊಲದ ಕಡೆ ನೋಡಿದರು, ಹಿಂದೆಂದೂ ಆ ಕಿಟಕಿಯಿಂದ ಅದನ್ನು ನೋಡದವರ ಹಾಗೆ.

ಆಮೇಲೆ ಮರಾಠಿಗೆ ಇಳಿದರು. ಬಾಪುಸಾಹೇಬರು ಮರಾಠಿಗೆ ಇಳಿದರೆ ಸಿಟ್ಟು ಬಂದಿದೆ ಎಂದು ಊರಿಗೆಲ್ಲ ಗೊತ್ತು.

"ಹೇ ಕಾಯ, ಮಾಸ್ತರ?" ಇದೇನೆಂದು ಹಾಳೆಯ ಕಡೆ ಬೆರಳು ಮಾಡಿ ಕೇಳಿದರು.

ರಾಜಾರಾಮ ಮಾಸ್ತರು ಕೈ ಹೊಸೆದರು. "ಮಕ್ಕಳಾಟ ರೀ ಸಾಹೇಬರ. ಮನಿ ಹಗ್ಗಾ ತಂದ ಅಳದಾವ. ಹಗ್ಗಕ್ಕೇನ ಗೊತ್ತರಿ."

"ಹಂಗ ಅನ್ರಿ. ಹಗ್ಗ ತಪ್ಪೈತಿ," ಎಂದು ಬಾಪುಸಾಹೇಬರು ಕನ್ನಡಕ್ಕೆ ಮರಳಿದರು. "ಪುಂಡಿ ಹಗ್ಗ ಜಗ್ಗಿದ್ರ ಉದ್ದ ಆಗತೈತಿ, ತೊಯ್ದ್ರ ಗಿಡ್ಡ ಆಗತೈತಿ. ಇದನ್ನ ಇಳಸ್ರಿ. ಮಂದಿ ತಪ್ಪ ತಿಳಕೋತಾರ."

"ಹಗ್ಗ ತಪ್ಪಿದ್ರ ಅಗಲಾನೂ ತಪ್ಪಬೇಕಿತ್ತಲ್ರಿ ಸಾಹುಕಾರ್ರ."

ಮಾತಾಡಿದವಳು ಸತ್ತೆವ್ವ. ಸೆರಗಿನಂತೆ ಹೊದ್ದ ಓಢಣಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಆದರೆ ಮಾತು ತೊದಲಲಿಲ್ಲ. "ಗುಡಿ ಗ್ವಾಡಿಯಿಂದ ಓಣಿ ಗ್ವಾಡಿತನಕ ನಾಕ ಹಗ್ಗ ಬರೋಬ್ಬರಿ ಬಂದೈತ್ರಿ. ಅದ ಹಗ್ಗ, ಅದ ದಿನಾ. ಗ್ವಾಡಿ ಎಲ್ಲೂ ಹೋಗೂದಿಲ್ಲ. ಬದು ಹೋಗತೈತಿ."

ಬಾಗಿಲ ಬಳಿ ಹೆಂಗಸರಲ್ಲಿ ಯಾರೋ ಕಿಸಕ್ಕೆಂದು ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಯಾರ ಮಗಳ ಈಕಿ?" ಎಂದರು ಬಾಪುಸಾಹೇಬರು, ಗೊತ್ತಿದ್ದೂ.

"ನಂದ್ರಿ ಧಣ್ಯಾರ," ಎಂದು ಹಿಂದಿನಿಂದ ಭರಮು ಮುಂದೆ ಬಂದ. ಹೊಲದಿಂದ ನೇರ ಬಂದಿದ್ದ, ಕಾಲಿಗೆಲ್ಲ ರವದಿಯ ಬೂದಿ.

"ಛಲೋ ಆತು, ನೀನ ಬಂದಿ. ಹದಿನಾರ ವರ್ಷಾತು ನೀ ಆ ಹೊಲಾ ಉಳಾಕತ್ತಿ. ಅದಕ್ಕೂ ಮೊದಲ ನಿಮ್ಮಪ್ಪ ಉತ್ತಾ. ನಿಮ್ಮಿಬ್ಬರಿಗೆ ನಾ ಯಾವಾಗರೆ ಹೇಳೇನೇನ, ಸಾಲಿ ಜಾಗಾದಾಗ ರಂಟಿ ಹೊಡಿ ಅಂತ?"

"ಇಲ್ರಿ."

"ಕೇಳ್ರಿ ಬಾಯಾರ."

ಭರಮು ಇನ್ನೂ ಮುಗಿಸಿರಲಿಲ್ಲ. ಅವನು ನಿಧಾನವಾಗಿ, ಎತ್ತುಗಳ ಬಗ್ಗೆ ಮಾತಾಡುವ ದನಿಯಲ್ಲೇ ಹೇಳಿದ. "ಎತ್ತ ತಿರಗಸಾಕ ಜಾಗಾ ಬೇಕಲ್ರಿ ಧಣ್ಯಾರ. ಆ ತುದಿಗೆ ಬಾಳಾಸಾಬಂದ ಹೊಲಾ. ಅಲ್ಲಿ ಒಂದ ಗೇಣ ಒಳಗ ಹೋದ್ರ ಅಂವ ಕೊಡಲಿ ತರತಾನ. ಈ ತುದಿಗೆ ಸಾಲಿ. ಇಲ್ಲಿ ಕೇಳಾವರ ಯಾರೂ ಇರಲಿಲ್ಲ. ಎತ್ತ ತಿರಗಿದಲ್ಲಿ ನೆಲಾ ಮೆತ್ತಗಾಗತೈತಿ, ಮುಂದಿನ ವರ್ಷ ಅಲ್ಲೂ ಒಂದ ಸಾಲ ಹೊಡದ ಬಿಡತೇವಿ, ಮತ್ತ ಬದು ಅದರ ಆಚೆ ಕಟ್ಟತೇವಿ. ನಮ್ಮಪ್ಪನೂ ಹಂಗ ಮಾಡಿದಾ. ಮೊದಲ ತಂಬಾಕ, ಆಮ್ಯಾಲ ಕಬ್ಬ. ಕಬ್ಬ ಎದ್ದ ನಿಂತ್ರ ಬದು ಎಲ್ಲೈತಿ, ಯಾರಿಗೆ ಕಾಣತೈತ್ರಿ? ನೀವ ಹೇಳಿಲ್ಲ. ನಾ ಕೇಳಿಲ್ಲ. ವರ್ಷಕ್ಕ ಒಂದ ಸಾಲ."

ವರ್ಗದಲ್ಲಿ ಕೂತಿದ್ದ ಎಷ್ಟೋ ಗಂಡಸರು ತಮ್ಮ ಕಾಲ ಬೆರಳು ನೋಡಿಕೊಳ್ಳತೊಡಗಿದರು. ಊರಿನಲ್ಲಿ ಪಕ್ಕದವನ ಬದುವಿನಿಂದ ಒಂದು ಸಾಲು ಕದಿಯದ ರಂಟೆ ಬಹಳ ಇರಲಿಲ್ಲ.

"ಅಂದ್ರ ತಪ್ಪ ನಿಂದಾತು," ಎಂದರು ಬಾಪುಸಾಹೇಬರು.

ಭರಮು ಕಾಲಿನ ಬೂದಿ ಒರೆಸಿಕೊಂಡ. "ರಂಟಿ ನಂದ್ರಿ," ಎಂದ. "ಕಬ್ಬ ನಿಮದು."

ಬಾಪುಸಾಹೇಬರ ಕುತ್ತಿಗೆಯ ನರ ಉಬ್ಬಿತು. ಅವರು ಭರಮುವನ್ನು ಬಿಟ್ಟು ಕಮಲಾಬಾಯಿಯ ಕಡೆ ತಿರುಗಿದರು. ದನಿ ಮೊದಲಿಗಿಂತ ಮೆತ್ತಗಾಗಿತ್ತು. ಅವಳಿಗೆ ಹೆದರಿಕೆ ಹುಟ್ಟಿಸಿದ್ದು ಆ ಮೆತ್ತನೆಯ ದನಿಯೇ.

"ಬಾಯಾರ, ನಿಮಗ ಈ ಊರಾಗ ಯಾರರೆ ಏನರೆ ಕಡಿಮಿ ಮಾಡ್ಯಾರೇನ್ರಿ?"

"ಇಲ್ರಿ."

"ಹಂಗಾರ ಆ ಹಾಳಿ ಇಳಸ್ರಿ. ನಾ ಕೈ ಹಚ್ಚೂದು ಛಂದ ಕಾಣೂದಿಲ್ಲ."

ಹಾಳೆ ಗೋಡೆಯ ಮೇಲೆ ಎರಡು ಮೊಳೆಗೆ ನೇತುಬಿದ್ದಿತ್ತು. ಕೈ ಎತ್ತಿದರೆ ಬರುತ್ತದೆ. ಕಮಲಾಬಾಯಿಗೆ ನಿಪ್ಪಾಣಿಯ ಮನೆಯ ಕತ್ತಲೆ ಕೋಣೆ ಕಣ್ಣಿಗೆ ಕಟ್ಟಿತು, ಗೋಡೆ ಸವರಿಕೊಂಡು ಬಾಗಿಲಿಗೆ ಬರುವ ತಾಯಿ. ಮೂವತ್ತೊಂದು ಮಕ್ಕಳು ಅವಳನ್ನೇ ನೋಡುತ್ತಿದ್ದರು. ಅವರ ನೋಟದಲ್ಲಿ ಬೇಡಿಕೆ ಏನೂ ಇರಲಿಲ್ಲ. ಲೆಕ್ಕ ತಪ್ಪಾಗಿದೆಯೋ ಸರಿಯಾಗಿದೆಯೋ ಹೇಳಲಿ ಎಂದು ಪಾಟಿ ಮುಂದೆ ಚಾಚಿ ಕಾಯುತ್ತಾರಲ್ಲ, ಹಾಗೆ ಕಾಯುತ್ತಿದ್ದರು.

"ಇಳಸೂದಿಲ್ರಿ," ಎಂದಳು.

ರಾಜಾರಾಮ ಮಾಸ್ತರು "ಬಾಯಾರ" ಎಂದರು. ಅವಳು ಅವರ ಕಡೆ ನೋಡಲಿಲ್ಲ. ನೋಡಿದರೆ ನಿಂತುಹೋಗುತ್ತೇನೆಂದು ಅವಳಿಗೆ ಗೊತ್ತಿತ್ತು.

"ಅಳೀರಿ ಅಂತ ಹೇಳಿದಾಕಿ ನಾನರಿ. ಮೂರ ಸಲ ಅಳ್ಯಾಕ ಹಚ್ಚೇನಿ, ಹಗ್ಗಾನೂ ಅಳದ ನೋಡೇನಿ. ನಿಮ್ಮ ತಂದಿಯವರು ಇಪ್ಪತ್ತ ಗುಂಟೆ ಕೊಟ್ಟದ್ದು ಖರೇನ. ಅದನ್ನ ಯಾರೂ ಸುಳ್ಳ ಅಂದಿಲ್ಲ. ಅದಕ್ಕ ಈ ಹುಡುಗರಿಗೆ ನಾಕ ಗುಂಟೆಯಷ್ಟ ಕಡಿಮಿ ಬಿದ್ದದ್ದ ತಿಳೀತು. ಈ ಹಾಳಿ ಇಳಸಬೇಕಂದ್ರ ಮೊದಲ ಹೊರಗಿನ ಕಲ್ಲಿನ ಮ್ಯಾಗ ಇಪ್ಪತ್ತ ಇದ್ದದ್ದನ್ನ ಹದಿನಾರ ಮಾಡಸ್ರಿ. ಮಾಡಸಿದ ದಿನಾ ನಾನ ಇಳಸ್ತೇನಿ."

ಅಷ್ಟು ಉದ್ದ ಮಾತನ್ನು ಅವಳು ಆ ಊರಿನಲ್ಲಿ ಪಾಠ ಬಿಟ್ಟು ಇನ್ನೆಲ್ಲೂ ಆಡಿರಲಿಲ್ಲ.

ಬಾಪುಸಾಹೇಬರು ಟೊಪ್ಪಿಗೆ ಸರಿಮಾಡಿಕೊಂಡರು. "ಜೂನ್‌ದಾಗ ಯಾದಿ ಬರತೈತಿ. ನಿಮ್ಮ ಹೆಸರ ಇದ್ರ ನನ್ನ ಮನಿಗೆ ಬರಬ್ಯಾಡ್ರಿ."

"ಬರೂದಿಲ್ರಿ."

"ಮಹಾವೀರ, ನಡಿ."

"ಕಾರ್ಯಕ್ರಮ ಮುಗದಿಲ್ರಿ ಅಜ್ಜಾ," ಎಂದ ಮಹಾವೀರ. ನೆಲ ನೋಡುತ್ತಲೇ ಹೇಳಿದ, ಆದರೆ ಜಾಗ ಬಿಟ್ಟು ಏಳಲಿಲ್ಲ. ಬಾಪುಸಾಹೇಬರು ಒಂದು ಗಳಿಗೆ ಕಾದು, ಒಬ್ಬರೇ ಹೊರಟುಹೋದರು. ಅಂಗಳದಲ್ಲಿ ಅವರು ಕಲ್ಲಿನ ಮುಂದೆ ನಿಂತದ್ದು ಕಿಟಕಿಯಲ್ಲಿ ಕಂಡಿತು. ಮತ್ತೆ ಹೊಲದ ಕಡೆ ನೋಡಿ, ರಸ್ತೆ ಹಿಡಿದರು.

ಅವರು ಮರೆಯಾದ ಮೇಲೆ ವರ್ಗದಲ್ಲಿ ಒಮ್ಮೆಲೆ ಗುಜುಗುಜು ಎದ್ದಿತು. ಹೆಂಗಸರು ನಕ್ಷೆಯ ಹತ್ತಿರ ಬಂದು ಬೆರಳಿಟ್ಟು ನೋಡಿದರು. ಸತ್ತೆವ್ವನ ಚಿಕ್ಕವ್ವ ರುಕ್ಮವ್ವ, ಗಂಡ ಸತ್ತ ಮೇಲೆ ಒಂಟಿಯಾಗಿ ಹೊಲ ಮಾಡುವವಳು, "ಯವ್ವಾ, ಈ ಹಗ್ಗಾ ನಮ್ಮ ಹೊಲಕ್ಕೂ ಒಂದ ಸಲ ತರತಿಯೇನ? ನಮ್ಮ ಬದುವಿಗೂ ಕಾಲ ಬಂದಾವ ಅನಸ್ತೈತಿ," ಎಂದಳು. ಅವಳ ಪಕ್ಕದ ಹೊಲದ ಭೀಮಸಿಗೆ ಮನೆಯಲ್ಲಿ ಏನೋ ತುರ್ತು ಕೆಲಸ ನೆನಪಾಗಿ, ಚುರುಮುರಿ ಹಂಚುವ ಮೊದಲೇ ಎದ್ದು ಹೋದ. ಅದಕ್ಕೆ ಮಾತ್ರ ಎಲ್ಲರೂ ಬಾಯಿಬಿಟ್ಟು ನಕ್ಕರು.

ಭರಮು ಹೊರಡುವಾಗ ಕಮಲಾಬಾಯಿ ಅವನನ್ನು ಬಾಗಿಲಲ್ಲಿ ತಡೆದಳು. "ಕೆಲಸಾ ಬಿಡಸ್ತಾರೇನೊ?"

"ಬಿಡಸ್ಲಿ ಬಿಡ್ರಿ. ಆ ಎತ್ತ ಬ್ಯಾರೆಯವರ ಮಾತ ಕೇಳೂದಿಲ್ಲ. ಎರಡ ದಿನಾ ಬಿಟ್ಟ ಕರ್ಯಾಕ ಬರತಾರ," ಎಂದ. ಖಾತ್ರಿಯಿಂದ ಹೇಳಿದನೋ, ಅವಳ ಸಮಾಧಾನಕ್ಕೆ ಹೇಳಿದನೋ ಗೊತ್ತಾಗಲಿಲ್ಲ. ಹೋಗುತ್ತ ಮಗಳ ತಲೆಗೆ ಒಂದು ಮೊಟಕಿದ.

ಮಕ್ಕಳು ಹಾಡು ಹೇಳಿದರು, ಭಾಷಣ ಮಾಡಿದರು, ಅತ್ತರು, ಚುರುಮುರಿ ತಿಂದರು. ಎಲ್ಲ ಮುಗಿದು ಅಂಗಳ ಖಾಲಿಯಾದಾಗ ರಾಜಾರಾಮ ಮಾಸ್ತರು ಕೀಲಿಕೈ ಹಿಡಿದು ಬಂದರು. ಕಮಲಾಬಾಯಿ ನವಿಲು ಸುತ್ತಿ ಇಡುತ್ತಿದ್ದಳು, ಹೃದಯವನ್ನೂ ಸುತ್ತಿದಳು. ದಾರದ ಗಂಟು ಎರಡು ಸಲ ಜಾರಿತು.

"ಆಗಿದ್ದಾತು ಬಾಯಾರ," ಎಂದರು ಮಾಸ್ತರು. "ಈಗರೆ ಅದನ್ನ ತಗದ ಕಪಾಟದಾಗ ಇಡ್ರಿ. ಎಲ್ಲಾರೂ ನೋಡ್ಯಾರ. ಇನ್ನ ಗ್ವಾಡಿ ಮ್ಯಾಗ ಯಾಕ?"

"ಪರೀಕ್ಷೆ ಮುಗಿಯೂತನಕ ಇರಲ್ರಿ ಸರ್," ಎಂದು ಕಮಲಾಬಾಯಿ ಮೂರನೆಯ ಸಲ ಗಂಟು ಹಾಕಿದಳು. "ಕ್ಷೇತ್ರಫಲದ ಮ್ಯಾಗ ಒಂದ ಪ್ರಶ್ನೆ ಬಂದ ಬರತೈತಿ."